ಅರವತ್ತೆಂಟರಲ್ಲಿ ಮನೆಪಾಠ

ವ್ಯಾಯಾಮಕ್ಕೆ ಮೇಷ್ಟ್ರು ಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ಯಾರಾದರೂ ನನ್ನ ಮುಂದಿಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕೈಕಾಲು ಆಡಿಸುವುದಕ್ಕೆ ಹಣ ಕೊಟ್ಟು ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಸಿನಿಮಾ ನಟರಿಗೂ ಕ್ರಿಕೆಟ್ ಆಟಗಾರರಿಗೂ ಸರಿ; ಪಿಂಚಣಿಯಲ್ಲಿ ದಿನ ದೂಡುವ ಕನ್ನಡ ಮೇಡಂಗೆ ಅದೆಲ್ಲ ಏಕೆ? ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯಿದೆ, ನಡೆಯಲು ಎರಡು ಕಾಲುಗಳಿವೆ, ಮನೆಯಲ್ಲಿ ಚಾಪೆಯಿದೆ. ನಿವೃತ್ತಿಗೆ ಮೊದಲೂ ಆಮೇಲೂ ಸೇರಿ ಇಪ್ಪತ್ತು ವರ್ಷಗಳಿಂದ ಈ ಮೂರರಲ್ಲೇ ನನ್ನ ಆರೋಗ್ಯದ ಸಂಸಾರ ಸಾಗಿತ್ತು. ಯಾರ ಹಂಗೂ ಇರಲಿಲ್ಲ.

2024ರ ಜುಲೈನಲ್ಲಿ, ಅರವತ್ತೈದು ದಾಟಿದ ಹೆಂಗಸರು ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ವೈದ್ಯರು ಹೇಳಿದ್ದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿಕೊಂಡೆ. ಅದರಲ್ಲಿ ಟಿ-ಸ್ಕೋರ್ ಎಂಬ ಒಂದು ಅಂಕ ಬರುತ್ತದೆ. ಆರೋಗ್ಯವಂತ ಯುವತಿಯ ಮೂಳೆಯೊಡನೆ ನಮ್ಮ ಮೂಳೆಯನ್ನು ಹೋಲಿಸಿ ಕೊಡುವ ಅಂಕವದು. ಸೊನ್ನೆಗಿಂತ ಎರಡೂವರೆ ಕೆಳಗಿಳಿದರೆ ಮೂಳೆ ಸವೆತ ಎಂದು ಲೆಕ್ಕ. ನನ್ನ ಬೆನ್ನುಮೂಳೆಗೆ ಬಂದದ್ದು ಸೊನ್ನೆಗಿಂತ ಎರಡು ಪಾಯಿಂಟ್ ಏಳು ಕೆಳಗೆ. ಬದುಕಿನಲ್ಲಿ ಎಷ್ಟೋ ಮಕ್ಕಳಿಗೆ ಅಂಕ ಕೊಟ್ಟವಳಾದರೂ ಸೊನ್ನೆಗಿಂತ ಕಡಿಮೆ ಅಂಕವನ್ನು ನಾನು ಕಂಡದ್ದು ಅದೇ ಮೊದಲು.

"ನಡೆಯೋದು ಬಿಡಬೇಡಿ ಮೇಡಂ, ಆದರೆ ಬರೀ ನಡಿಗೆ ಸಾಲದು. ಮಾತ್ರೆ ಕೊಡ್ತೀನಿ. ಅದರ ಜೊತೆಗೆ ಭಾರ ಎತ್ತೋ ವ್ಯಾಯಾಮ ಆಗಬೇಕು. ಗೊತ್ತಿರೋರ ಹತ್ತಿರ ಕಲೀರಿ, ನೀವೇ ಏನೇನೋ ಮಾಡ್ಕೋಬೇಡಿ" ಎಂದರು ವೈದ್ಯರು. ಆ ಕೊನೆಯ ಮಾತು ನನಗೆ ಅಷ್ಟು ಹಿಡಿಸಲಿಲ್ಲ.

ಇಲ್ಲಿ ನನ್ನ ಅಕ್ಕನ ವಿಷಯವನ್ನು ಹೇಳಬೇಕು. ಹಾಸನದಲ್ಲಿ ಭಾವನವರು ಕಟ್ಟಿಸಿದ ಮನೆಯಲ್ಲಿ ಅವಳು ಒಬ್ಬಳೇ ಇದ್ದಳು. 2019ರ ಮಳೆಗಾಲದಲ್ಲಿ, ಅವಳ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ವೈದ್ಯರ ಕೈಗುಣಕ್ಕೆ ಕುಂದಿಲ್ಲ. ಆದರೆ ಅವಳು ಮತ್ತೆ ತನ್ನ ಮನೆಗೆ ಮರಳಲಿಲ್ಲ. ಬೆಂಗಳೂರಿನಲ್ಲಿ ಮಗಳ ಒಂಬತ್ತನೆಯ ಅಂತಸ್ತಿನ ಫ್ಲಾಟಿನಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಮೂರು ವರ್ಷ ಕಳೆದಳು. ಮಗಳೂ ಅಳಿಯನೂ ಚೆನ್ನಾಗಿ ನೋಡಿಕೊಂಡರು. ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ: "ಮನೆ ಬೀಗದ ಕೈ ಎಲ್ಲಿದೆ ನೋಡೇ." ಅದು ಅವಳ ತಲೆದಿಂಬಿನ ಕೆಳಗೇ ಇರುತ್ತಿತ್ತು. 2022ರಲ್ಲಿ ಅವಳು ತೀರಿಕೊಂಡ ಮೇಲೆ ಆ ಬೀಗದ ಕೈಯನ್ನು ಎತ್ತಿಕೊಂಡವಳು ನಾನು.

ನನ್ನದೂ ಹಾಗೆಯೇ ಒಂದು ಮನೆ. ಸರಸ್ವತೀಪುರಂನಲ್ಲಿ 1991ರಲ್ಲಿ ಸಾಲ ಮಾಡಿ ಕಟ್ಟಿಸಿದ್ದು. ಯಜಮಾನರು ಹೋಗಿ ಏಳು ವರ್ಷವಾಯಿತು. ನಡುಮನೆಯಿಂದ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಹಿತ್ತಿಲಿಗೆ ಮತ್ತೆ ಮೂರು. ಮಗ ಪುಣೆಯಲ್ಲಿದ್ದಾನೆ, ಒಳ್ಳೆಯ ಹುಡುಗ. ವರದಿಯ ವಿಷಯ ತಿಳಿದ ದಿನವೇ ಫೋನ್ ಮಾಡಿ "ಅಮ್ಮಾ, ಇನ್ನು ಸಾಕು, ಇಲ್ಲಿಗೇ ಬಂದುಬಿಡು" ಎಂದ. ಹತ್ತು ನಿಮಿಷ ಮಾತಾಡಿದ ಮೇಲೆ "ಹಾಗಾದರೆ ಒಬ್ಬ ಪರ್ಸನಲ್ ಟ್ರೈನರ್ ಇಟ್ಟುಕೋ, ದುಡ್ಡು ನಾನು ಕಳಿಸ್ತೀನಿ" ಎಂದು ರಾಜಿಗೆ ಬಂದ. ಅವನ ಮಟ್ಟಿಗೆ ಆಯ್ಕೆ ಇದ್ದುದು ಪುಣೆಗೂ ಟ್ರೈನರಿಗೂ ನಡುವೆ. ನನ್ನ ಮಟ್ಟಿಗೆ ಮೂರನೆಯ ದಾರಿಯೊಂದಿತ್ತು: ನಾನೇ ಕಲಿತು ನಾನೇ ಮಾಡಿಕೊಳ್ಳುವುದು. ಮೂರು ವಾರ ಈ ಯೋಚನೆಯಲ್ಲೇ ಕಳೆದೆ.

ಒಬ್ಬಳೇ ಮಾಡುವುದರ ಪರವಾಗಿ ನನ್ನಲ್ಲಿ ಬಲವಾದ ವಾದಗಳಿದ್ದವು. ಮೊದಲನೆಯದು ಏಕಾಂತ. ಕೆರೆಯ ಏರಿಯ ಮೇಲೆ ನಡೆಯುವಾಗ ನನ್ನ ಜೊತೆ ಮಾತಾಡುವವರು ಯಾರೂ ಇರಬಾರದು. ಪೆಲಿಕನ್ ಹಕ್ಕಿಗಳು ನೀರಿಗಿಳಿಯುವುದನ್ನು ನೋಡುತ್ತ, ಹಿಂದಿನ ರಾತ್ರಿ ಓದಿದ್ದನ್ನು ಮೆಲುಕು ಹಾಕುತ್ತ ಹೋಗಬೇಕು. ನೀವು ಇಲ್ಲಿ ಓದಿರುವ ಬರಹಗಳಲ್ಲಿ ಅರ್ಧಕ್ಕರ್ಧ ಆ ಏರಿಯ ಮೇಲೆಯೇ ಹುಟ್ಟಿದವು. ಎರಡನೆಯದು ಹಣ. ಮಗನ ಹಣವಾದರೂ ಹಣವೇ ತಾನೆ? ಮೂರನೆಯದನ್ನು ಹೇಳಲು ತುಸು ಸಂಕೋಚ. ಮೂವತ್ತೆರಡು ವರ್ಷ ತರಗತಿಯ ಮುಂದೆ ನಿಂತವಳಿಗೆ, ತನ್ನ ಹಳೆಯ ವಿದ್ಯಾರ್ಥಿಯ ಮಗಳ ವಯಸ್ಸಿನವರ ಮುಂದೆ "ಹಾಗಲ್ಲ, ಹೀಗೆ" ಎನ್ನಿಸಿಕೊಳ್ಳುವುದು ಸುಲಭವೇ?

ಫೋನಿನಲ್ಲಿ ವ್ಯಾಯಾಮ ಹೇಳಿಕೊಡುವ ವಿಡಿಯೋಗಳಿಗೆ ಈಗ ಬರವಿಲ್ಲ. ಕನ್ನಡದಲ್ಲಿಯೂ ಬೇಕಾದಷ್ಟಿವೆ, ಕೆಲವು ಚೆನ್ನಾಗಿಯೂ ಇವೆ. ಒಂದು ವಾರ ಅವನ್ನು ನೋಡಿದೆ. ನೋಡುತ್ತ ನೋಡುತ್ತ ಏಕಲವ್ಯ ನೆನಪಾದ. ಮಣ್ಣಿನ ದ್ರೋಣನ ಮುಂದೆ ನಿಂತು ಬಿಲ್ವಿದ್ಯೆಯನ್ನು ಸಾಧಿಸಿದವನು. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕದ ಪಾಠ ಮಾಡುವಾಗಲೆಲ್ಲ ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮಣ್ಣಿನ ಗೊಂಬೆ ಹೇಗೆ ಕಲಿಸುತ್ತೆ ಟೀಚರ್?" ಶ್ರದ್ಧೆ ಕಲಿಸುತ್ತದೆ ಎಂದು ನಾನು ಉತ್ತರ ಕೊಡುತ್ತಿದ್ದೆ. ಆ ಉತ್ತರ ಸರಿಯೇ. ಆದರೆ ಏಕಲವ್ಯನಿಗೆ ಗುರಿ ಎದುರಿಗಿತ್ತು. ಬಾಣ ತಪ್ಪಿದರೆ ತಪ್ಪಿದ್ದು ಕಣ್ಣಿಗೆ ಕಾಣುತ್ತಿತ್ತು. ಗುರಿಯೇ ಅವನಿಗೆ ಅರ್ಧ ಗುರು. ಬೆನ್ನನ್ನು ಹೇಗೆ ಬಾಗಿಸುತ್ತಿದ್ದೇವೆ ಎಂಬುದಾದರೋ ಬಾಗಿದವರಿಗೆ ಕಾಣುವುದಿಲ್ಲ. ಫೋನಿನಲ್ಲಿರುವಾತ ನನ್ನನ್ನು ನೋಡುವುದಿಲ್ಲ, ನಾನು ಅವನನ್ನು ನೋಡುತ್ತೇನೆ, ಅಷ್ಟೆ.

ಇದಕ್ಕೆ ಹಿಂದಿನವರು ಏನು ಮಾಡಿಕೊಂಡಿದ್ದರು ಎಂದು ಹುಡುಕುವುದು ನನ್ನ ಹಳೆಯ ಚಾಳಿ. ಕೆ.ವಿ. ಅಯ್ಯರ್ ಸಿಕ್ಕಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಕನ್ನಡಿಗರು ಬಲ್ಲ, ಕೈಲಾಸಂ ಅವರ ಆಪ್ತರೂ ಆಗಿದ್ದ ಅಯ್ಯರ್ ವೃತ್ತಿಯಿಂದ ವ್ಯಾಯಾಮದ ಗುರುಗಳು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ಅವರು, ದೂರದ ಊರುಗಳವರಿಗೆ ಅಂಚೆಯ ಮೂಲಕವೂ ಪಾಠ ಕಲಿಸುತ್ತಿದ್ದರು. ಶುಲ್ಕ ಕಳಿಸಿದರೆ ಪಾಠ ಮನೆಗೆ ಬರುತ್ತಿತ್ತು. ಇಂದಿನ ಫೋನ್ ಪಾಠಗಳ ಮುತ್ತಜ್ಜ ಅದು ಎನ್ನಬಹುದು. ಆದರೂ ಅಂಚೆಯ ಪಾಠದಲ್ಲಿ ಒಂದು ಗುಣವಿತ್ತು: ಆ ಕಡೆ ಒಬ್ಬ ಗುರುವಿದ್ದ, ಅವನಿಗೆ ಪತ್ರ ಬರೆದು ಕೇಳಬಹುದಿತ್ತು.

ಗಂಡಸರಿಗೆ ಗರಡಿಯಿತ್ತು. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲಿನ ಗುಂಡು. ದಂಡ ಬಸ್ಕಿ ಹೊಡೆಯುವ ಹುಡುಗರ ನಡುವೆ ಉಸ್ತಾದರು ಓಡಾಡುತ್ತಿದ್ದರು. ನನ್ನ ಅಣ್ಣ ಎರಡು ವರ್ಷ ಹೋಗಿದ್ದ. ಹೆಣ್ಣುಮಕ್ಕಳು ಆ ಹೊಸ್ತಿಲು ದಾಟುವಂತಿರಲಿಲ್ಲ. ನಮಗೆ ಬಾವಿಯ ರಾಟೆ, ಒರಳುಕಲ್ಲು, ಬಟ್ಟೆ ಒಗೆಯುವ ಕಲ್ಲು ಇವೇ ಗರಡಿ ಎಂದು ಈಗಲೂ ಹಲವರು ಅಭಿಮಾನದಿಂದ ಹೇಳುತ್ತಾರೆ. "ಆ ಕಾಲದ ಹೆಂಗಸರಿಗೆ ವ್ಯಾಯಾಮ ಬೇಕಿತ್ತೇ?" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನನಗೆ ಆ ಮಾತಿನ ಮೇಲೆ ಅಷ್ಟು ನಂಬಿಕೆಯಿಲ್ಲ. ನನ್ನ ಅಮ್ಮ ಅದೆಲ್ಲವನ್ನೂ ಮಾಡಿದವಳು. ಅರವತ್ತೈದರ ಹೊತ್ತಿಗೆ ಅವಳ ಬೆನ್ನು ಗೂನಾಗಿತ್ತು. ಮುಖವೆತ್ತಿ ಮಾತಾಡಲು ಕಷ್ಟಪಡುತ್ತಿದ್ದಳು. ವಯಸ್ಸಾಯಿತು, ಬಾಗಿದಳು ಎಂದು ನಾವೆಲ್ಲ ತಿಳಿದೆವು. ಮುದುಕಿಯರ ಆ ಗೂನಿನ ಹಿಂದೆ ಎಷ್ಟೋ ವೇಳೆ ಸವೆದ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕುಸಿದಿರುತ್ತವೆ ಎಂದು ವೈದ್ಯರು ನನ್ನ ವರದಿಯನ್ನು ಮುಂದಿಟ್ಟುಕೊಂಡು ವಿವರಿಸಿದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಅಮ್ಮನೇ. ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆಯಲ್ಲಿ ಕೆಲಸ ಎಷ್ಟಿದೆಯೋ ಅಷ್ಟು ದೇಹ ಸವೆಯಬೇಕು. ವ್ಯಾಯಾಮದಲ್ಲಿ ದೇಹಕ್ಕೆ ಎಷ್ಟು ಬೇಕೋ ಅಷ್ಟನ್ನು ಅಳೆದು ಕೊಡಬೇಕು. ಆ ಅಳತೆ ಯಾರದು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಮಗನ ಸ್ನೇಹಿತರೊಬ್ಬರು ಮೈಸೂರಿನಲ್ಲಿಯೇ ವೈದ್ಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ನನ್ನ ಕಾಟ ತಾಳಲಾರದೆ ಎರಡು ಅಧ್ಯಯನಗಳ ಸಾರವನ್ನು ಓದಿ ಹೇಳಿದರು. ಮೊದಲನೆಯದು 1984ರಲ್ಲಿ ಪ್ರಕಟವಾದದ್ದು, ಅಮೆರಿಕದ ಮೇಯೋ ಕ್ಲಿನಿಕ್‌ನದು. ಬೆನ್ನುಮೂಳೆ ಸವೆದಿದ್ದ 59 ಹೆಂಗಸರನ್ನು ಅದರಲ್ಲಿ ಗಮನಿಸಿದ್ದರು. ಬೆನ್ನನ್ನು ಹಿಂದಕ್ಕೆ ಎತ್ತಿ ನೆಟ್ಟಗಾಗಿಸುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 16 ಮಂದಿಗೆ ಬೆನ್ನಿನ ಮಣಿಗಳು ಮತ್ತೆ ಕುಸಿದವು. ಏನೂ ಮಾಡದವರಲ್ಲಿ ನೂರಕ್ಕೆ 67. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89! ಚಿಕ್ಕ ಅಧ್ಯಯನ, ಇದೊಂದನ್ನೇ ಹಿಡಿದು ತೀರ್ಪು ಕೊಡಬಾರದು ಎಂದು ಅವರು ಎಚ್ಚರಿಸಿದರು, ನಿಜ. ಆದರೆ ನಾನು ಆ ಮೂರು ಅಂಕಿಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ನನ್ನ ಚಾಪೆಯ ಮೇಲಿನ ದಿನಚರಿಯಲ್ಲಿ ಮಂಡಿಗೆ ಹಣೆ ಮುಟ್ಟಿಸುವ ಆಸನವೂ, ನಿಂತು ಪಾದ ಮುಟ್ಟುವ ಆಸನವೂ ಇದ್ದವು. ಗಟ್ಟಿ ಮೂಳೆಯವರಿಗೆ ಅವು ಹಿತವಾದ ಆಸನಗಳೇ. ನನ್ನ ಈಗಿನ ಬೆನ್ನಿಗೆ ಪಾಠಪಟ್ಟಿ ಬದಲಾಗಬೇಕಿತ್ತು.

ಎರಡನೆಯ ಅಧ್ಯಯನ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ್ದು. ಮುಟ್ಟು ನಿಂತ, ಮೂಳೆ ಸವೆದ 101 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಎಂಟು ತಿಂಗಳ ಕಾಲ ವಾರಕ್ಕೆ ಎರಡು ದಿನ, ಅರ್ಧ ಗಂಟೆಯಂತೆ, ಶಿಕ್ಷಕರ ಕಣ್ಣೆದುರಿನಲ್ಲಿ ನಿಜವಾಗಿಯೂ ಭಾರವೆನ್ನಿಸುವ ಭಾರಗಳನ್ನು ಎತ್ತಿತು. ಇನ್ನೊಂದು ಗುಂಪು ಮನೆಯಲ್ಲಿ ತಮ್ಮಷ್ಟಕ್ಕೆ ಹಗುರವಾದ ವ್ಯಾಯಾಮ ಮಾಡಿತು. ಮೊದಲ ಗುಂಪಿನವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇಕಡಾ 2.9ರಷ್ಟು ಏರಿತು, ಎರಡನೆಯ ಗುಂಪಿನವರಲ್ಲಿ ಶೇಕಡಾ 1.2ರಷ್ಟು ಇಳಿಯಿತು. ಭಾರವೂ ಬೇರೆ, ಮೇಲ್ವಿಚಾರಣೆಯೂ ಬೇರೆ ಆದ್ದರಿಂದ ಇದು ಶಿಕ್ಷಕರ ಗೆಲುವೋ ಭಾರದ ಗೆಲುವೋ ಹೇಳಲಾಗದು ಎಂದು ನಾನು ವಾದಿಸಿದೆ. ಅವರು ನಕ್ಕು, "ಮೇಡಂ, ಶಿಕ್ಷಕರಿಲ್ಲದೆ ಅಷ್ಟು ಭಾರವನ್ನು ನೀವು ಎತ್ತುತ್ತೀರಾ?" ಎಂದರು. ನನ್ನ ಬಳಿ ಮರುಮಾತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಗ ಎರಡು ಕಿಲೋದ ಡಂಬೆಲ್ ಎತ್ತಿ, ಅದು ಸಲೀಸಾದ ಮೇಲೂ ಆರು ತಿಂಗಳು ಅದನ್ನೇ ಎತ್ತುವ ಜಾತಿಯವಳು ನಾನು. ಪಾಸಾದ ಮಗುವನ್ನು ಮುಂದಿನ ತರಗತಿಗೆ ಕಳಿಸಲು ಯಾರಾದರೂ ಇರಬೇಕಲ್ಲ!

ಇಷ್ಟಾದ ಮೇಲೆ ಹುಡುಕಾಟ ಶುರುವಾಯಿತು. ಸಮೀಪದ ಜಿಮ್ ಒಂದಕ್ಕೆ ಹೋಗಿ ಬಂದೆ. ಸಂಗೀತದ ಅಬ್ಬರಕ್ಕೆ ಎದೆ ನಡುಗಿತು. ಹುಡುಗರು ಪಾಪ, ಎದ್ದು ಕುರ್ಚಿ ಕೊಟ್ಟರು. ವ್ಯವಸ್ಥಾಪಕರು ವರ್ಷದ ಪ್ಯಾಕೇಜಿನ ಕರಪತ್ರ ಕೊಟ್ಟರು. ಅಷ್ಟೇ.

ಸೊಸೆಗೆ ಇನ್ನೊಂದು ಭಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ಜಿಮ್ ಎಂಬ ಪದ ಕೇಳಿದರೇ ನಮ್ಮ ನಾಡಿನ ಅನೇಕ ಮನೆಗಳಲ್ಲಿ ದಿಗಿಲು. ಆ ಸಾವಿಗೆ ವ್ಯಾಯಾಮವೇ ಕಾರಣವೆಂದು ಹೇಳಲು ನಮಗೆ ಯಾವ ಆಧಾರವೂ ಇಲ್ಲ, ಆದರೂ ದಿಗಿಲು ದಿಗಿಲೇ. ಅವಳ ಸಮಾಧಾನಕ್ಕಾಗಿ ಇ.ಸಿ.ಜಿ., ಎಕೋ ಎರಡನ್ನೂ ಮಾಡಿಸಿ ವೈದ್ಯರ ಒಪ್ಪಿಗೆ ಪಡೆದೆ. ರಕ್ತದೊತ್ತಡಕ್ಕೆ ನಾನು ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ಮುಂದುವರಿಸಿ ಎಂದರು.

ಮನೆಗೆ ಬಂದು ಹೇಳಿಕೊಡುವವರಲ್ಲಿ ಮೊದಲು ಬಂದಾತ ಕಟ್ಟುಮಸ್ತಾದ ಹುಡುಗ. ನನ್ನ ವರದಿಯನ್ನು ತೆರೆದೂ ನೋಡಲಿಲ್ಲ. ಅರವತ್ತು ದಿನದಲ್ಲಿ ಆರು ಕಿಲೋ ಇಳಿಸುವುದಾಗಿ ಭರವಸೆ ಕೊಟ್ಟ, ಹೋಗುವಾಗ ಯಾವುದೋ ಪುಡಿಯ ಡಬ್ಬಿಯ ಬೆಲೆಯನ್ನೂ ಹೇಳಿ ಹೋದ. ನಾನು ಇಳಿಸಬೇಕೆಂದು ಕೇಳಿಯೇ ಇರಲಿಲ್ಲ. ಎರಡನೆಯದಾಗಿ ಬಂದವಳು ಇಪ್ಪತ್ತೇಳು ವರ್ಷದ ಹೆಣ್ಣುಮಗಳು. ಮಂಡ್ಯದ ಕಡೆಯವಳು, ಕಬಡ್ಡಿ ಆಡಿದವಳು, ಬಿ.ಪಿ.ಎಡ್. ಮಾಡಿಕೊಂಡಿದ್ದಾಳೆ. ವರದಿಯನ್ನು ಎರಡು ಸಲ ಓದಿದಳು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಏನಮ್ಮ, ನನಗೆ ಏನನ್ನು ಮಾಡಿಸುವುದಿಲ್ಲ ನೀನು?" ಕೂಡಲೇ ಹೇಳಿದಳು: "ಪಾದ ಮುಟ್ಟಿಸಲ್ಲ ಟೀಚರ್. ಸಿಟ್-ಅಪ್ ಮಾಡಿಸಲ್ಲ. ಭಾರ ಹಿಡಿದು ಸೊಂಟ ತಿರುಗಿಸೋದು ಬೇಡವೇ ಬೇಡ." ಕ್ಯಾಲೆಂಡರಿನ ಮೇಲಿನ ಅಂಕಿಗಳನ್ನು ಅವಳು ನೋಡಿರಲಿಲ್ಲ.

ಶುಲ್ಕ ದಿನಕ್ಕೆ ಆರುನೂರು ರೂಪಾಯಿ. ವಾರಕ್ಕೆ ಎರಡು ದಿನದಂತೆ ಹನ್ನೆರಡು ವಾರಕ್ಕೆ 14,400. ಒಂದು ಮೈಸೂರು ರೇಷ್ಮೆ ಸೀರೆಗೂ ಕಡಿಮೆ ಎಂದು ಲೆಕ್ಕ ಹಾಕಿಕೊಂಡೆ. ದ್ರೋಣರು ಏಕಲವ್ಯನಿಂದ ವಸೂಲು ಮಾಡಿದ್ದಕ್ಕೆ ಹೋಲಿಸಿದರಂತೂ ಧರ್ಮಕ್ಕೆ ಸಮ. ಮಗನಿಗೆ ಬೇಡವೆಂದು ಹೇಳಿ ನನ್ನ ಪಿಂಚಣಿಯಿಂದಲೇ ಕೊಟ್ಟೆ.

ಹನ್ನೆರಡೇ ವಾರ ಏಕೆ ಎಂದು ಅವಳು ಕೇಳಿದಳು. ಇದರಲ್ಲಿ ನನ್ನ ವೃತ್ತಿಯ ಹಟವಿತ್ತು. ನಾನು ಸೇವೆಯಲ್ಲಿದ್ದಷ್ಟು ಕಾಲ ಮನೆಪಾಠ ಹೇಳಲಿಲ್ಲ. ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂಬ ನಿಯಮ ಇತ್ತು ಎಂಬುದೊಂದು ಕಾರಣ. ಅದಕ್ಕಿಂತ ಹೆಚ್ಚಾಗಿ, ಐದನೆಯ ತರಗತಿಯಲ್ಲಿ ಮನೆಪಾಠಕ್ಕೆ ಸೇರಿದ ಮಗು ಹತ್ತನೆಯ ತರಗತಿ ಮುಗಿದರೂ ಪುಸ್ತಕವನ್ನು ತಾನಾಗಿ ತೆರೆಯಲಾರದ ಸ್ಥಿತಿಗೆ ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೆ. ತಂದೆತಾಯಿ ಹಣ ತೆರುತ್ತಾರೆ, ಮೇಷ್ಟ್ರು ಓದಿಸುತ್ತಾರೆ, ಮಗುವಿನ ಕೆಲಸ ಹಾಜರಿರುವುದಷ್ಟೆ. ಆದರೆ ಮನೆಪಾಠ ನಿಜವಾಗಿಯೂ ಬೇಕಿದ್ದ ಮಕ್ಕಳನ್ನೂ ಕಂಡಿದ್ದೇನೆ. ಎಂಟನೆಯ ತರಗತಿಗೆ ಬಂದರೂ ಒತ್ತಕ್ಷರ ಕೂಡಿಸಲು ಬಾರದ ಹುಡುಗನಿಗೆ, ನಲವತ್ತೈದು ಮಂದಿಯ ತರಗತಿಯಲ್ಲಿ ಅವನ ತೊಡಕು ಎಲ್ಲಿದೆಯೆಂದು ಕಾಣುವುದಿಲ್ಲ. ಪಕ್ಕದಲ್ಲಿ ಕೂತು ಓದಿಸಿದರೆ ಎರಡು ತಿಂಗಳಲ್ಲಿ ಕಾಣುತ್ತದೆ. ನನಗೆ ಬೇಕಾಗಿದ್ದುದು ಆ ಎರಡನೆಯ ಬಗೆಯ ಪಾಠ. ಕೊನೆಯ ದಿನ ಯಾವುದೆಂದು ಮೊದಲ ದಿನವೇ ಗೊತ್ತಿರಬೇಕು ಎಂದೆ. ಅವಳಿಗೆ ಇದು ವಿಚಿತ್ರವಾಗಿ ಕಂಡಿರಬೇಕು. "ನಮ್ಮ ಹೊಟ್ಟೆಪಾಡಿಗೆ ಕಲ್ಲು ಹಾಕ್ತೀರಲ್ಲ ಟೀಚರ್" ಎಂದು ನಗುತ್ತಲೇ ಒಪ್ಪಿದಳು. ಆ ನಗೆಯಲ್ಲಿ ಸ್ವಲ್ಪ ನಿಜವೂ ಇತ್ತು. ತಿಂಗಳ ಸಂಬಳವೆಂಬುದಿಲ್ಲದೆ ಮನೆ ಮನೆ ತಿರುಗಿ ಜೀವನ ನಡೆಸುವ ಹುಡುಗಿಗೆ, ತನ್ನನ್ನು ಬೇಗ ಬಿಡಿಸಿಕೊಳ್ಳುವಂತೆ ಕಲಿಸು ಎಂದು ಕೇಳುವುದು ಕಠಿಣವೇ. ಇದಕ್ಕೆ ಪರಿಹಾರವಾಗಿ ಹನ್ನೆರಡು ವಾರದ ಹಣವನ್ನು ಮೊದಲೇ ಕೊಟ್ಟೆ, ಮತ್ತು ನನ್ನ ಪರಿಚಯದ ಇಬ್ಬರು ನಿವೃತ್ತ ಸಹೋದ್ಯೋಗಿಗಳ ಮನೆ ತೋರಿಸಿಕೊಟ್ಟೆ.

ಮೊದಲ ದಿನ ಒಂದು ಪರೀಕ್ಷೆ. ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು ಕುರ್ಚಿಯಿಂದ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲು ಸಾಧ್ಯ ಎಂದು ಎಣಿಸುವುದು. ಅರವತ್ತೈದರಿಂದ ಅರವತ್ತೊಂಬತ್ತರ ಹೆಂಗಸರಿಗೆ ಹನ್ನೊಂದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಎಣಿಕೆ. ಇಪ್ಪತ್ತು ವರ್ಷ ಕೆರೆ ಸುತ್ತಿದ ನನಗೆ ಆದದ್ದು ಎಂಟು. ನಡಿಗೆ ಒಳ್ಳೆಯದು, ಎದೆಗೂ ಮನಸ್ಸಿಗೂ ಒಳ್ಳೆಯದು. ಆದರೆ ತೊಡೆಗಳು ಅದರಿಂದ ಏಳುವ ಶಕ್ತಿಯನ್ನು ಕಲಿತಿರಲಿಲ್ಲ. ಎರಡನೆಯ ದಿನ ಸೀರೆಯಲ್ಲಿ ಮಂಡಿ ಕಾಣುವುದಿಲ್ಲವೆಂದು ಅವಳು ದೂರಿದಳು. ಮಂಡಿ ಒಳಕ್ಕೆ ಬಾಗುತ್ತದೋ ನೇರ ಇರುತ್ತದೋ ನೋಡಬೇಕಂತೆ. ಹೀಗಾಗಿ ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದು ಚೂಡಿದಾರ ಹೊಲಿಸಿದೆ. ಪುಣೆಗೆ ಅದರ ಫೋಟೋ ಕಳಿಸುವುದಿಲ್ಲವೆಂದು ಅವಳಿಂದ ಪ್ರಮಾಣ ಮಾಡಿಸಿಕೊಂಡೆ.

ಅವಳು ಮಾಡಿಸಿದ್ದರಲ್ಲಿ ಹೊಸದೇನೂ ಇರಲಿಲ್ಲ. ಕುರ್ಚಿಯವರೆಗಿನ ಬಸ್ಕಿ. ನಮ್ಮ ಶಾಲೆಗಳಲ್ಲಿ ಬಸ್ಕಿಯೆಂದರೆ ತಡವಾಗಿ ಬಂದವರಿಗೆ ಕೊಡುವ ಶಿಕ್ಷೆ. ಅದು ಔಷಧವೂ ಹೌದೆಂದು ಗರಡಿಯವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಗೋಡೆಗೆ ಕೈಯೂರಿ ದಂಡ. ಹಿತ್ತಿಲ ಮೆಟ್ಟಿಲು ಹತ್ತಿ ಇಳಿಯುವುದು. ಒಂದರ ಮುಂದೊಂದು ಪಾದವಿಟ್ಟು ಕಂಬದ ಪಕ್ಕ ನಿಲ್ಲುವುದು. ಮಣೆಯ ಮೇಲಿಟ್ಟ ಭಾರವನ್ನು, ಬೆನ್ನನ್ನು ಹಲಗೆಯಂತೆ ನೆಟ್ಟಗಿಟ್ಟು, ಸೊಂಟದಿಂದ ಬಾಗಿ ಎತ್ತುವುದು. ಈ ಕೊನೆಯದರಲ್ಲಿಯೇ ನನಗೆ ಅವಳ ಬೆಲೆ ತಿಳಿದದ್ದು. ನನ್ನ ಬೆನ್ನು ನೆಟ್ಟಗಿದೆಯೆಂದು ನಾನು ನೂರಕ್ಕೆ ನೂರು ನಂಬಿದ್ದೆ. ಅವಳು ನನ್ನ ಬೆನ್ನ ಮೇಲೆ ಉದ್ದಕ್ಕೆ ಒಂದು ಕೋಲನ್ನಿಟ್ಟಳು. ತಲೆಗೂ ನಡುಬೆನ್ನಿಗೂ ತಾಗಿದ ಕೋಲು ಬಾಗುವಾಗ ಸೊಂಟವನ್ನು ಬಿಟ್ಟು ಎದ್ದು ನಿಂತಿತು. ಮೂರು ದಿನ ಬರೀ ಕೋಲಿನ ಪಾಠವೇ ನಡೆಯಿತು. ನಾಲ್ಕನೆಯ ದಿನ ನಾಲ್ಕು ಕಿಲೋ ಕೊಟ್ಟಳು. ಐದನೆಯ ವಾರದಲ್ಲಿ ಎಂಟು. ನಾನು ಬೇಡವೆಂದೆ. "ಮುಖ ನೋಡಿದ್ರೆ ಗೊತ್ತಾಗುತ್ತೆ ಟೀಚರ್, ನಿಮಗೆ ನಾಲ್ಕು ಕಿಲೋ ಬೇಜಾರಾಗಿದೆ" ಎಂದಳು. ತರಗತಿಯಲ್ಲಿ ಪಾಠ ಬೇಸರವಾದ ಮಕ್ಕಳ ಮುಖ ನನಗೂ ಗೊತ್ತಾಗುತ್ತಿತ್ತು. ನನ್ನದೇ ಮುಖ ನನಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಸಂಗತಿ ಅವಳು ಕಂಡುಹಿಡಿದದ್ದು. ಭಾರ ಎತ್ತುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ. ಹಾಗೆ ಹಿಡಿದು ತ್ರಾಣ ಹಾಕಿದರೆ ಆ ಕ್ಷಣಕ್ಕೆ ರಕ್ತದೊತ್ತಡ ಸರ್ರನೆ ಏರುತ್ತದೆ. ಒತ್ತಡದ ಮಾತ್ರೆ ನುಂಗುವವರಿಗೆ ಅದು ಸಲ್ಲದು. ಇದನ್ನು ನಾನು ಒಬ್ಬಳೇ ಇದ್ದಿದ್ದರೆ ಎಂದಾದರೂ ಗಮನಿಸುತ್ತಿದ್ದೆನೆ? ಉಸಿರು ಹಿಡಿದಿದ್ದೇನೆಂಬುದು ಹಿಡಿದವರಿಗೆ ತಿಳಿಯುವುದಿಲ್ಲ. ಅದಕ್ಕೆ ಅವಳು ಹೇಳಿಕೊಟ್ಟ ಉಪಾಯ ಸರಳ: ಪ್ರತಿ ಸಲವೂ ಬಾಯಿಬಿಟ್ಟು ಗಟ್ಟಿಯಾಗಿ ಎಣಿಸಬೇಕು. ಮಾತಾಡುವವರು ಉಸಿರು ಹಿಡಿಯಲಾರರು.

ನಮ್ಮ ಮೈಸೂರಿನ ಹೆಸರನ್ನು ಹೊತ್ತ ಒಂದು ಪಾಠಕ್ರಮ ಜಗತ್ತಿನಾದ್ಯಂತ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ಮುಂದೆ ಊರಿನಲ್ಲಿಯೇ ಕಲಿಸುತ್ತಿದ್ದ ಬಗೆಯನ್ನು ಪರದೇಶದವರು ‘ಮೈಸೂರು ಶೈಲಿ’ ಎಂದು ಕರೆಯುತ್ತಾರೆ. ಒಂದೇ ಕೋಣೆಯಲ್ಲಿ ಹಲವರು ಇರುತ್ತಾರೆ. ಆದರೆ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ. ಪ್ರತಿಯೊಬ್ಬರೂ ತಾವು ಕಲಿತಷ್ಟನ್ನು, ತಮ್ಮ ಉಸಿರಿನ ಲಯದಲ್ಲಿ, ತಮ್ಮಷ್ಟಕ್ಕೆ ಮಾಡುತ್ತ ಹೋಗುತ್ತಾರೆ. ಗುರುಗಳು ನಡುವೆ ಓಡಾಡುತ್ತ, ಬೇಕಾದವರನ್ನು ಬೇಕಾದ ಕಡೆ ತಿದ್ದಿ, ಮುಂದಿನದಕ್ಕೆ ಸಿದ್ಧರಾದವರಿಗೆ ಮುಂದಿನದನ್ನು ಕೊಡುತ್ತಾರೆ. ಗೋಕುಲಂ ಬೀದಿಗಳಲ್ಲಿ ಚಾಪೆ ಹೊತ್ತು ನಡೆಯುವ ವಿದೇಶೀಯರನ್ನು ಎಷ್ಟೋ ಸಲ ನೋಡಿದ್ದರೂ ಅವರು ಯಾವುದಕ್ಕಾಗಿ ಅಷ್ಟು ದೂರದಿಂದ ಬರುತ್ತಾರೆಂದು ನಾನು ವಿಚಾರಿಸಿರಲಿಲ್ಲ. ಈ ಪಾಠಕ್ರಮವನ್ನು ಕೇಳಿದ ಮೇಲೆ ಒಬ್ಬರೇ ಮಾಡುವುದೋ ಗುರುವಿನೊಡನೆ ಮಾಡುವುದೋ ಎಂಬ ನನ್ನ ಮೂರು ವಾರದ ತರ್ಕವೇ ಸ್ವಲ್ಪ ಬಾಲಿಶವಾಗಿ ತೋರಿತು.

ಹನ್ನೆರಡು ವಾರ ಮುಗಿದ ದಿನ ಕುರ್ಚಿಯ ಪರೀಕ್ಷೆಯಲ್ಲಿ ಹದಿಮೂರು ಬಂತು. ಮಣೆಯ ಮೇಲಿನಿಂದ ಹದಿನಾಲ್ಕು ಕಿಲೋ ಎತ್ತಿದೆ. ಬಚ್ಚಲಿನ ಮೆಟ್ಟಿಲುಗಳಿಗೆ ಅವಳ ಒತ್ತಾಯದಿಂದಲೇ ಗೋಡೆಯ ಹಿಡಿ ಹಾಕಿಸಿದ್ದೇನೆ; ಬಲ ಬಂದಿತೆಂದು ಹಿಡಿ ಬೇಡವೆನ್ನುವ ಜಂಬ ನನಗಿಲ್ಲ. ಮೂಳೆಯ ಸಾಂದ್ರತೆ ಮಾತ್ರೆಯಿಂದಲೋ ಭಾರದಿಂದಲೋ ಏರಿದೆಯೋ ಇಲ್ಲವೋ ಮುಂದಿನ ಡೆಕ್ಸಾದಲ್ಲಿ ತಿಳಿಯಬೇಕು. ಮಗ ಪುಣೆಯ ಮಾತನ್ನು ಪೂರ್ತಿ ಬಿಟ್ಟಿಲ್ಲ. ವರದಿ ಬರಲಿ ಎಂದು ಕಾಯುತ್ತಿದ್ದಾನೆ.

ಈಗ ಅವಳು ತಿಂಗಳಿಗೊಮ್ಮೆ ಬರುತ್ತಾಳೆ, ಕೋಲು ಇಟ್ಟು ನೋಡುತ್ತಾಳೆ, ಭಾರ ಏರಿಸಬೇಕೋ ಬೇಡವೋ ಹೇಳಿ ಹೋಗುತ್ತಾಳೆ. ಉಳಿದ ದಿನಗಳಲ್ಲಿ ಮಂಗಳವಾರ, ಶುಕ್ರವಾರ ಬೆಳಗ್ಗೆ ಏಳಕ್ಕೆ ನಡುಮನೆಯಲ್ಲಿ ನಾನೊಬ್ಬಳೇ. ಮಿಕ್ಕ ಬೆಳಗುಗಳೆಲ್ಲ ಕೆರೆಯ ಏರಿಗೆ. ಅಲ್ಲಿ ಯಾರಿಗೂ ಪ್ರವೇಶವಿಲ್ಲ. ಅಭ್ಯಾಸದ ದಿನ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತೇನೆ, ತರಗತಿಯ ಧ್ವನಿಯಲ್ಲಿ. ಕಳೆದ ವಾರ ಪಕ್ಕದ ಮನೆಯಾಕೆ ಕಾಂಪೌಂಡಿನ ಹತ್ತಿರ ನಿಲ್ಲಿಸಿಕೊಂಡು, "ಮಕ್ಕಳಿಗೆ ಮನೆಪಾಠ ಶುರು ಮಾಡಿದ್ದೀರಂತೆ ಟೀಚರ್, ನಮ್ಮ ಮೊಮ್ಮಗನನ್ನೂ ಕಳಿಸಬಹುದಾ? ಮಗ್ಗಿ ಒಂದೂ ಬರಲ್ಲ ಅವನಿಗೆ" ಎಂದು ಕೇಳಿದರು.